ಮ್ಯಾಗ್ಡಾ ಬಿಟ್ಟ ಕೋಳಿ ಸಾರು

ಅಕ್ಕೂರಿನ ಕೆಂಪಯ್ಯನಿಗೆ ಪೋಲೆಂಡ್ ದೇಶದ ಮೇಲೆ ಯಾವ ದ್ವೇಷವೂ ಇರಲಿಲ್ಲ. ಅದು ಎಲ್ಲಿದೆ ಎಂಬುದೇ ಗೊತ್ತಿಲ್ಲದ ಮೇಲೆ ದ್ವೇಷ ಎಲ್ಲಿಂದ ಬರಬೇಕು? ಆದರೆ ಕಳೆದ ಜೂನ್‌ನಲ್ಲಿ ಅಲ್ಲಿಂದ ಮ್ಯಾಗ್ಡಾ ಎಂಬ ಹುಡುಗಿ ಬಂದು ಅವನ ಮನೆಯ ಮಹಡಿ ಕೋಣೆಯಲ್ಲಿ ಇಳಿದುಕೊಂಡಾಗಿನಿಂದ ಅವನಿಗೊಂದು ಘೋರ ಅನ್ಯಾಯ ನಡೆಯುತ್ತಿತ್ತು. ಭಾನುವಾರದ ನಾಟಿ ಕೋಳಿ ಸಾರಿನ ತೊಡೆಯೂ ಈಲಿ ಎಂಬ ಲಿವರ್ ತುಂಡೂ (ಮದುವೆಯಾದಂದಿನಿಂದ ಇವು ಯಜಮಾನರ ಹಕ್ಕು) ಹುಡುಗಿಯ ತಟ್ಟೆಗೆ ವರ್ಗವಾಗಿದ್ದವು. ಕೆಂಪಯ್ಯನ ಪಾಲಿಗೆ ಕೋಳಿಯ ಕತ್ತು ಉಳಿದಿತ್ತು.

ಮ್ಯಾಗ್ಡಾ ಚರ್ಚಿನ ಸ್ವಯಂಸೇವಕಿ. ಸಂಬಳವಿಲ್ಲದೆ ಒಂದು ವರ್ಷ ಊರಿನ ಮಕ್ಕಳಿಗೆ ಸಂಜೆ ಹೊತ್ತು ಇಂಗ್ಲಿಷ್ ಮತ್ತು ಲೆಕ್ಕ ಹೇಳಿಕೊಡಲು ಬಂದವಳು. ಶಾಲೆಯ ಜಗುಲಿಯ ಮೇಲೆ ಹಿಪ್ಪುನೇರಳೆ ಎಲೆ ಹಿಡಿದು ಅವಳು ‘ಲೀಫ್’ ಎನ್ನುವಳು. ‘ಅಲ್ಲ ಮಿಸ್, ಅದು ಹುಳದ ಸೊಪ್ಪು’ ಎಂದು ಮಕ್ಕಳು ತಿದ್ದುವರು. ಎಂಟು ತಿಂಗಳಲ್ಲಿ ಮಕ್ಕಳಿಗೆ ಇಂಗ್ಲಿಷ್ ಎಷ್ಟು ಬಂತೋ ಕಾಣೆ, ಮಿಸ್‌ಗೆ ಮಾತ್ರ ಕನ್ನಡ ಬಂತು.

ಕೆಂಪಯ್ಯನ ಹೆಂಡತಿ ಚಿಕ್ಕಲಕ್ಷ್ಮಮ್ಮನಿಗಂತೂ ಅವಳೆಂದರೆ ಪ್ರಾಣ. “ತಾಯಿ ಬುಟ್ಟು ಬಂದೈತೆ ಮಗ, ಹೊಟ್ಟೆ ತುಂಬ ಉಣ್ಲಿ,” ಎಂದು ಬಡಿಸುವಳು. ಹುಡುಗಿ ಬೆರಳು ಚೀಪುತ್ತಾ ಉಣ್ಣುವುದನ್ನು ನೋಡಿದರೆ ಆಕೆಗೇ ಹೊಟ್ಟೆ ತುಂಬುತ್ತಿತ್ತು.

ಹೀಗಿರುವಾಗ ಒಂದು ಬುಧವಾರ ಮ್ಯಾಗ್ಡಾ ಹಣೆಗೆ ಬೂದಿ ಹಚ್ಚಿಸಿಕೊಂಡು ಚನ್ನಪಟ್ಟಣದ ಚರ್ಚಿನಿಂದ ಬಂದಳು. ರೇಷ್ಮೆ ಹುಳದ ಮನೆಯಲ್ಲಿ ಸೊಪ್ಪು ಹಾಕುತ್ತಿದ್ದ ಕೆಂಪಯ್ಯನನ್ನು ಬಾಗಿಲಾಚೆಯಿಂದಲೇ ಕರೆದಳು.

“ತಾತ, ಇವತ್ತಿಂದ ನಲವತ್ತು ದಿನ ನಮಗೆ ಉಪವಾಸದ ಕಾಲ. ಈಸ್ಟರ್ ತನಕ ನಾನು ಬಾಡು ತಿನ್ನಲ್ಲ.”

“ಉಪ್ಪಿಟ್ಟು ಬುಟ್ಬುಡು ಮಗ. ಬಾಡ್ಯಾಕೆ ಬುಡ್ತೀಯ?”

“ಉಪ್ಪಿಟ್ಟು ನನಗೆ ಇಷ್ಟ ಇಲ್ಲ ತಾತ. ಅಜ್ಜಿಯ ಕೋಳಿ ಸಾರು ಇಷ್ಟ. ಅದಕ್ಕೇ ಅದನ್ನೇ ಬಿಡಬೇಕು. ಅಜ್ಜಿಗೆ ನೀವೇ ಹೇಳಿ, ನಾನು ಹೇಳಿದರೆ ಬೇಜಾರು ಮಾಡಿಕೊಳ್ಳಬಹುದು. ಬೇರೆ ಯಾರಿಗೂ ಬೇಡ. ಉಪವಾಸ ಮಾಡುವವರು ಊರಿಗೆಲ್ಲ ಸಾರಬಾರದು.”

“ಹೇಳ್ತೀನಿ ಬುಡು,” ಎಂದ ಕೆಂಪಯ್ಯ. ಹೇಳಬೇಕೆಂದೇ ಇದ್ದ, ಅದರಲ್ಲಿ ಸುಳ್ಳಿಲ್ಲ. ಆದರೆ ಭಾನುವಾರ ಮ್ಯಾಗ್ಡಾ ‘ಬೇಡ ಅಜ್ಜಿ’ ಎಂದು ತಟ್ಟೆಗೆ ಕೈ ಅಡ್ಡ ಹಿಡಿದಳು. ತೊಡೆಯ ತುಂಡು ಸೌಟಿನಲ್ಲೇ ಒಂದು ಗಳಿಗೆ ಅನಾಥವಾಗಿ ನಿಂತು, ಕೊನೆಗೆ ಕೆಂಪಯ್ಯನ ತಟ್ಟೆಗೆ ಬಂದು ಬಿತ್ತು. ಹೇಳುವ ಮಾತು ಅವನಿಗೆ ಆಗಲೇ ನೆನಪಾಯಿತು. ಆದರೆ ಬಾಯಿಗೆ ಬಿಡುವಿರಲಿಲ್ಲ.

“ಯಾಕವ್ವ ಬ್ಯಾಡ?” ಎಂದು ಚಿಕ್ಕಲಕ್ಷ್ಮಮ್ಮ ಕೇಳಿದ್ದಕ್ಕೆ, ತಾತ ಹೇಳಿರುತ್ತಾನೆಂದು ನಂಬಿದ್ದ ಹುಡುಗಿ “ನಿಮಗೆ ಗೊತ್ತಲ್ಲ ಅಜ್ಜಿ,” ಎಂದು ನಕ್ಕಳು. ನಿನ್ನ ಅಡುಗೆ ಎಂಥದು ಅಂತ ನಿನಗೇ ಗೊತ್ತಲ್ಲ ಎಂದ ಹಾಗಾಯಿತು ಚಿಕ್ಕಲಕ್ಷ್ಮಮ್ಮನಿಗೆ. ಮುಂದಿನ ವಾರ ಖಾರ ಕಡಿಮೆ ಮಾಡಿದಳು. ಅದರ ಮುಂದಿನ ವಾರ ಮಸಾಲೆಯನ್ನೇ ಬದಲಿಸಿದಳು. ಆಮೇಲೆ ಚನ್ನಪಟ್ಟಣದಿಂದ ಕುರಿ ಬಾಡು ತರಿಸಿದಳು. ಈ ಎಲ್ಲ ಮಹಾಪ್ರಯೋಗಗಳ ಫಲವೂ ಒಬ್ಬನ ತಟ್ಟೆಗೇ ಹೋಯಿತು. ಅವನ ಕೆನ್ನೆ ತುಂಬಿಕೊಂಡಿತು.

ನಾಲ್ಕನೆಯ ವಾರ ಮೊಮ್ಮಗಳು ಧನುಶ್ರೀ ಶಾಲೆಯಿಂದ ಓಡಿ ಬಂದಳು. “ಅಜ್ಜಿ, ಮಿಸ್ ಪಾಠ ಮಾಡ್ತಾ ಮಾಡ್ತಾ ತಲೆ ಸುತ್ತಿ ಕುಂತ್ಬುಟ್ರು!” ಅದು ಬಿಸಿಲಿನ ಕೆಲಸ, ಒಂದು ಲೋಟ ಮಜ್ಜಿಗೆ ಕುಡಿದು ಮ್ಯಾಗ್ಡಾ ಮತ್ತೆ ಪಾಠ ಶುರು ಮಾಡಿದ್ದಳು. ಚಿಕ್ಕಲಕ್ಷ್ಮಮ್ಮ ಮಾತ್ರ ಅಡುಗೆಮನೆಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

“ಹೆತ್ತವ್ವ ನನ್ನ ನಂಬಿ ಕಳ್ಸವ್ಳೆ. ಮಗ ಉಪಾಸ ಬಿದ್ದೈತೆ. ನನ್ ಕೈಯಡುಗೆ ಯಾಕ್ರೀ ಸೇರ್ನಿಲ್ಲ?”

ಹೇಳಿಬಿಡೋಣ ಎಂದು ಕೆಂಪಯ್ಯ ಬಾಯಿ ತೆರೆದ. ಈಗ ಹೇಳಿದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ಇನ್ನೆರಡು ಭಾನುವಾರ ಕಳೆದರೆ ತಾನಾಗಿಯೇ ಸರಿಹೋಗುತ್ತದೆ. (ಆ ಎರಡು ಭಾನುವಾರಗಳಲ್ಲಿ ತೊಡೆ ಎಷ್ಟಾಗುತ್ತದೆ ಎಂದು ಅವನು ಯೋಚಿಸಲಿಲ್ಲ ಎಂದರೆ ನೀವು ನಂಬಬೇಕಿಲ್ಲ.) “ಬಿಸ್ಲು ಕಣಮ್ಮಿ, ಬಿಸ್ಲು,” ಎಂದು ಎದ್ದು ಹೋದ. ಚಿಕ್ಕಲಕ್ಷ್ಮಮ್ಮ ಕಣ್ಣೊರೆಸಿಕೊಂಡು, ತೆಂಗಿನಕಾಯಿ ಹಿಡಿದು ಮಾರಮ್ಮನ ಗುಡಿಗೆ ನಡೆದಳು.

ಈಸ್ಟರ್ ಬಂತು. ಬೆಳಗಿನ ಪ್ರಾರ್ಥನೆ ಮುಗಿಸಿ ಬಂದ ಮ್ಯಾಗ್ಡಾ ಚಪ್ಪಲಿ ಬಿಡುವ ಮೊದಲೇ ಕೇಳಿದಳು, “ಅಜ್ಜಿ, ಕೋಳಿ ಸಾರು ಮಾಡಿದ್ದೀರಾ?” ಮೂರು ಸಲ ಬಡಿಸಿಕೊಂಡು ಉಂಡಳು. ಚಿಕ್ಕಲಕ್ಷ್ಮಮ್ಮ ಬಡಿಸುತ್ತಲೇ ಅತ್ತಳು, ಅಳುತ್ತಲೇ ನಕ್ಕಳು. ಕೆಂಪಯ್ಯ ನೆಮ್ಮದಿಯಿಂದ ತಟ್ಟೆ ಮುಂದೆ ಒಡ್ಡಿದ. ಅದಕ್ಕೆ ಸೊಪ್ಪಿನ ಸಾರು ಬಿತ್ತು.

“ಇದೇನಿದು?”

“ಮಗ ಮತ್ತೆ ಬಾಯ್ತುಂಬ ಉಂಡ್ರೆ ನಮ್ಮನೆಯವ್ರು ಒಂದು ತಿಂಗ್ಳು ಬಾಡು ಮುಟ್ಟಕಿಲ್ಲ ಅಂತ ಮಾರಮ್ಮಂಗೆ ಹರಕೆ ಹೊತ್ತಿದ್ದೆ.”

“ನನ್ ಬಾಯ್ಗೆ ನೀನ್ಯಾಕೆ ಹರಕೆ ಹೊತ್ಕಂಡೆ?”

“ಮನೆ ಯಜಮಾನ್ರು ನೀವಲ್ವ?” (ಆಕೆ ಇದನ್ನು ಒಪ್ಪಿಕೊಂಡದ್ದು ಇದೇ ಮೊದಲು.)

ಕೆಂಪಯ್ಯನಿಗೆ ರೇಗಿಹೋಯಿತು. “ಹರಕೆನೂ ಇಲ್ಲ ಗಿರಕೆನೂ ಇಲ್ಲ! ಇದ್ರಲ್ಲಿ ಮಾರಮ್ಮ ಏನ್ ಮಾಡವ್ಳೆ? ಅದು ಅವ್ರ ನಲವತ್ತು ದಿನದ ಉಪಾಸ. ಇವತ್ತಿಗೆ ಮುಗೀತು, ಉಂಡ್ಲು, ಅಷ್ಟೇಯ!”

ಸೌಟು ನಿಂತಿತು.

“ನಿಮಗೆಂಗ್ ಗೊತ್ತು?”

“ನಾನೇ ಹೇಳಿದ್ದೆ ಅಜ್ಜಿ, ಮೊದಲ ದಿನವೇ,” ಎಂದಳು ಮ್ಯಾಗ್ಡಾ. “ತಾತ ನಿಮಗೆ ಹೇಳಿದರಲ್ಲ?”

ಚಿಕ್ಕಲಕ್ಷ್ಮಮ್ಮ ಕೂಗಾಡುತ್ತಾಳೆ ಎಂದುಕೊಂಡ ಕೆಂಪಯ್ಯ. ಆಕೆ ಕೂಗಲಿಲ್ಲ. “ನಾನು ಅಳೋದ ನೋಡ್ಕಂಡು ಉಂಡ್ರಾ?” ಎಂದು ಮೆಲ್ಲಗೆ ಕೇಳಿದಳು. ಕೆಂಪಯ್ಯನಿಗೆ ಒಂದು ತುಂಡು ಬಾಡಿಗಾಗಿ ಜೊತೆಗೆ ಬಾಳಿದವಳ ಹೊಟ್ಟೆ ಉರಿಸಿದೆನಲ್ಲ ಎಂದು ನಿಜವಾಗಿಯೂ ನಾಚಿಕೆಯಾಯಿತು.

“ತಪ್ಪಾಯ್ತು ಕಣಮ್ಮಿ,” ಎಂದ. ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಆದರೆ ಪಶ್ಚಾತ್ತಾಪದ ಭರದಲ್ಲಿ, ಹೆಂಡತಿ ಹೇಗೂ ‘ಬೇಡ ಬುಡಿ’ ಅನ್ನುತ್ತಾಳೆಂಬ ಧೈರ್ಯದಲ್ಲಿ, ಸೇರಿಸಿದ, “ಒಂದು ತಿಂಗ್ಳಲ್ಲ, ಒಂದು ವರ್ಷ ಬುಡ್ತೀನಿ!”

ಚಿಕ್ಕಲಕ್ಷ್ಮಮ್ಮ ಸೌಟು ಕೆಳಗಿಟ್ಟು, ಮಾರಮ್ಮನ ಗುಡಿಯ ದಿಕ್ಕಿಗೆ ತಿರುಗಿ ಕೈಮುಗಿದಳು.

“ಕೇಳಿಸ್ಕಂಡ್ಯಲ್ಲವ್ವ? ಅವ್ರೇ ಬಾಯ್ಬುಟ್ಟು ಹೇಳವ್ರೆ.”