ಹೊಂಟಲ್ಲಿಗೇ ಬಂದು ಮುಟ್ಟಿದ್ದು

ಊರು ಬಿಟ್ಟು ನಾಕು ಹೆಜ್ಜಿ ಇಟ್ರ ಸಾಕು, ನನಗ ಏನರೆ ಒಂದು ಆಗೇ ಆಗತೈತಿ. ಮನ್ಯಾಗ ಕುಂತ್ರ ಅಪ್ಪ ಬೈಯೂದು ಬಿಟ್ರ ಮತ್ತೇನೂ ಆಗೂದಿಲ್ಲ.

ಕಾಲೇಜು ಬಿಟ್ಟು ಮನ್ಯಾಗ ಕುಂತಿದ್ದೆ. "ಒಂದು ಕೆಲಸಾನೂ ಪೂರಾ ಮಾಡಿದಾವಲ್ಲ ನೀ" ಅಂದ ಅಪ್ಪ. ಸಿಟ್ಟಿಗೆದ್ದು ಹೇಳಿದೆ: "ಧಾರವಾಡದ ಸುತ್ತಲಿನ ಹಳ್ಳಿ ಎಲ್ಲಾ ಒಂದು ಸುತ್ತು ಹಾಕಿ, ನಾಕು ದಿನದಾಗ ಇದೇ ಹೊಸ್ತಿಲಕ್ಕ ನಡಕೊಂತ ಬರ್ತೇನಿ."

"ಬಂದ್ರ ಕಾಲೇಜಿನ ಸುದ್ದಿ ತಗಿಯೂದಿಲ್ಲ. ಬಂಡಿ ಹತ್ತಿದ್ರ, ನಡುವ ಹಿಂದ ಹೊಳ್ಳಿದ್ರ, ಮರುದಿನಾನ ಕ್ಲಾಸಿಗೆ."

ಬಂಡಿ

ಮೊದಲನೇ ದಿನಾನ ಒಬ್ಬ ರೈತ ಬಂಡಿ ನಿಲ್ಲಿಸಿದ. "ಹತ್ರಿ."

"ಬ್ಯಾಡ್ರಿ, ನಡೀತೇನಿ."

"ಯಾಕ್ರಿ, ನಮ್ಮ ಎತ್ತಿಗೇನಾಗೇತಿ?"

ಎಷ್ಟು ಹೇಳಿದ್ರೂ ಕೇಳವಲ್ಲ. ಪರಸ್ಥಳದಾವ ನಡೀವಾಗ ತಾನು ಕುಂತ್ರ ಮರ್ಯಾದಿ ಅಲ್ಲ ಅಂತ ತಾನೂ ಇಳಿದ. ಎರಡು ಹರದಾರಿ ಇಬ್ರೂ ನಡದ್ವಿ. ಬಂಡ್ಯಾಗ ನನ್ನ ಚೀಲ ಒಂದು ಆರಾಮ ಕುಂತಿತ್ತು. ಎತ್ತು ಎರಡೂ ಹೊಳ್ಳಿ ಹೊಳ್ಳಿ ನಮ್ಮನ್ನ ನೋಡ್ತಿದ್ವು.

ಪೋಲೀಸ

ಸ್ವಾತಂತ್ರ್ಯ ಚಳವಳಿ ದಿನ ಅವು. ಗರಗದಾಗ ನನ್ನ ಖಾದಿ ಅಂಗಿ ನೋಡಿ ಪೋಲೀಸನವ ಓಡಿ ಬಂದ.

"ಎಲ್ಲಿಂದ ಬಂದಿ?"

"ಧಾರವಾಡದಿಂದ."

"ಎಲ್ಲಿಗೆ?"

"ಧಾರವಾಡಕ್ಕ."

"ಘೋಷಣಾ ಕೂಗ್ತೀಯೇನು?"

"ಇಲ್ರಿ."

"ಭಾಷಣಾ?"

"ಅದೂ ಇಲ್ರಿ."

ಅವ ಬೆವರು ಒರಸ್ಕೊಂಡ. "ಒಂದರೆ ಕೂಗೋ ಮಾರಾಯಾ, ಬಿಸಲಾಗ ಓಡಿ ಬಂದೇನಿ!"

ಅವಲಕ್ಕಿ

ಮೂರನೇ ದಿನ ಒಂದು ಹಳ್ಳ್ಯಾಗ ನೀರು ಕೇಳಿದೆ. ಮನಿ ಯಜಮಾನ, ಬಿಳಿ ಮೀಸಿ ಅಜ್ಜ, ಒಳಗ ಕರದು ಕಂಬಳಿ ಹಾಸಿದ. ಅಪ್ಪನ ಹೆಸರು, ಮನಿ, ಹತ್ತಿ ವ್ಯಾಪಾರ, ಎಲ್ಲಾ ಕೇಳಿದ. ಕಾಲೇಜು ಬಿಟ್ಟಿದ್ದು, ಈ ನಾಕು ದಿನದ ಸುತ್ತು, ನಾನೂ ಎಲ್ಲಾ ಹೇಳಿದೆ. ಒಂದು ಹುಡುಗಿ ಅವಲಕ್ಕಿ ತಂದಿಟ್ಟು, ತಲಿ ಬಗ್ಗಿಸಿ ಅಲ್ಲೇ ಕುಂತ್ಲು. ಮನೀ ಮಂದಿ ಎಲ್ಲಾ ನನ್ನ ಮಾರಿನ ನೋಡಾಕತ್ರು.

"ನಾಚಬ್ಯಾಡಪಾ, ಏನರೆ ಕೇಳೋದಿದ್ರ ಕೇಳು" ಅಂದ್ಲು ಅಜ್ಜಿ.

"ಇನ್ನೊಂದೀಟು ಅವಲಕ್ಕಿ ಐತೇನ್ರಿ?" ಅಂದೆ.

ಹುಡುಗಿ ಸೆರಗು ಬಾಯಿಗಿಟ್ಕೊಂಡು ಒಳಗ ಓಡಿದ್ಲು. ಕನ್ಯಾ ನೋಡಾಕ ಬಂದಾವ ಅಂತ ತಿಳಿದಾರ ಅನ್ನೂದು ನನಗ ಹೊಳದಿದ್ದು ತಾಟು ಖಾಲಿ ಆದಮ್ಯಾಲೆ. ಕೈ ತೊಳಕೊಂಡು ಲಗೂ ಲಗೂ ಹೊಂಟೆ.

ಹೊಸ್ತಿಲ

ನಾಕನೇ ದಿನ ಸಂಜಿಕ, ಕಾಲಾಗ ಬೊಬ್ಬಿ, ನಮ್ಮ ಹೊಸ್ತಿಲ ದಾಟಿದೆ. ಗೆದ್ದಿದ್ದೆ! ನೋಡ್ತೇನಿ, ಪಡಸಾಲ್ಯಾಗ ಅಪ್ಪನ ಬಾಜೂಕ ಅದೇ ಬಿಳಿ ಮೀಸಿ ಅಜ್ಜ. ಬಂಡಿ ಕಟ್ಕೊಂಡು ನನಗಿಂತ ಮೊದಲ ಬಂದು ಮುಟ್ಟ್ಯಾನ.

"ಸಿಟ್ಟಾಗಬ್ಯಾಡ್ರಿ" ಅಂದ ಅಜ್ಜ. "ನಮ್ಮ ಹುಡುಗಿ ಒಲ್ಲೆ ಅಂತಾಳ."

ನಾ ಕೇಳೇ ಇಲ್ಲ! ಆದ್ರೂ ಒಂಚೂರು ಬ್ಯಾಸರಾತು. "ಕಾಲೇಜು ಬಿಟ್ಟಾವ ಅಂತೇನ್ರಿ?" ಅಂದೆ.

"ಛೇ ಛೇ, ಅದಕ್ಕೇನೂ ಅಡ್ಡಿ ಇಲ್ಲಂತ. 'ಹೊಂಟಲ್ಲಿಗೇ ಹೋಗಾಕ ನಾಕು ದಿನ ಸುತ್ತಾವಗ, ನಾ ಬುತ್ತಿ ಎಲ್ಲಿಗೆ ಒಯ್ಯಲಿ?' ಅಂದ್ಲು."

ಅಪ್ಪ ಮಾತು ಉಳಿಸ್ಕೊಂಡ. ಅವತ್ತಿನಿಂದ ಕಾಲೇಜಿನ ಸುದ್ದಿ ತಗದಿಲ್ಲ. ಊಟಕ್ಕ ಕರಿಯೂಮುಂದ ಮಾತ್ರ, "ಬುತ್ತಿ ಎಲ್ಲಿಗೆ ಕಳಸಲೋ?" ಅಂತಾನ.