ಕುರುಗೋಡಿನ ಅತ್ತೆಯ ಶಾವಿಗೆ ಚಿಕಿತ್ಸೆ

ಗಂಡ ಹೆಂಡಿರ ಜಗಳಕ್ಕೆ ಔಷಧ ಹೇಳುವವರಿಗೆ ನಮ್ಮ ಬಳ್ಳಾರಿ ಸೀಮೆಯಲ್ಲಿ ಎಂದೂ ಕೊರತೆಯಾದದ್ದಿಲ್ಲ. ಬೆನ್ನುನೋವು ಎಂದರೆ ಯಾರೋ ಒಬ್ಬರು ಎಣ್ಣೆಯ ಹೆಸರು ಹೇಳಿ ತಮ್ಮ ದಾರಿ ಹಿಡಿಯುತ್ತಾರೆ. ಹೆಂಡತಿ ತವರಿಗೆ ಹೋಗಿದ್ದಾಳೆ ಎಂದು ಹೇಳಿ ನೋಡಿ, ಗುರುತಿಲ್ಲದವನೂ ಸೈಕಲ್ ಇಳಿದು ಸ್ಟ್ಯಾಂಡು ಹಾಕುತ್ತಾನೆ. ಇಂಥ ಔಷಧಗಳನ್ನೆಲ್ಲ ನಾನು ಬಲ್ಲೆ. ಅವುಗಳಲ್ಲಿ ಗುಣ ಕೊಟ್ಟದ್ದು ಒಂದೇ, ಕುರುಗೋಡಿನಲ್ಲಿದ್ದ ನನ್ನ ಸೋದರತ್ತೆ ನೀಲಮ್ಮನದು. ಬೆಳಗಿನ ಚಹಾಕ್ಕೆ ಸುರುವಾಗಿ ಸಂಜೆಯ ಬಸ್ಸಿನವರೆಗೆ ಬಿಡದೆ ನಡೆಯುವ ಚಿಕಿತ್ಸೆ ಅದು. ಅದಕ್ಕೆ ಮೈಯೊಡ್ಡಿ ಬಂದವನಾದ್ದರಿಂದ ಅದರ ಬಗ್ಗೆ ನಾನು ಅಧಿಕಾರದಿಂದ ಮಾತಾಡಬಲ್ಲೆ. ನಾನು ಯಾವುದರ ಬಗ್ಗೆಯಾದರೂ ಅಧಿಕಾರದಿಂದಲೇ ಮಾತಾಡುತ್ತೇನೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ರೋಗವೇ ಅದಾಗಿತ್ತು.

ನಾನು ವಿಮಾ ಏಜೆಂಟ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಬಾಡಿಗೆ ಮನೆ. ಸೈಕಲ್ ಏರಿದರೆ ಕೊಳಗಲ್ಲು, ಬಸ್ಸು ಹತ್ತಿದರೆ ಮೋಕ, ಇನ್ನೂ ಹುರುಪಿದ್ದರೆ ರಾರಾವಿಯವರೆಗೂ ನನ್ನದೇ ರಾಜ್ಯಭಾರ. ನಮ್ಮ ಕಸುಬಿನಲ್ಲಿ ಎದುರಿಗಿದ್ದವರ ಮಾತು ಪೂರ್ತಿಯಾಗಲು ಬಿಡಬಾರದು. ರೈತ "ನಮಗ್ಯಾಕ..." ಎಂದು ಬಾಯಿ ತೆರೆದರೆ, "ನಿಮಗ್ಯಾಕ ಅಂದ್ರ ಮಕ್ಕಳ ಸಲುವಾಗಿ, ಅದನ್ನ ಕೇಳಾಕ ಹತ್ತಿದ್ರಲ್ಲ?" ಎಂದು ನಾನೇ ಅದನ್ನು ಮುಗಿಸಿ ಕೊಡುತ್ತಿದ್ದೆ. ತೆಲುಗಿನವರಿಗೆ ತೆಲುಗಿನಲ್ಲಿಯೇ ಮುಗಿಸಿ ಕೊಡುತ್ತಿದ್ದೆ. ಅರ್ಧಕ್ಕೆ ನಿಂತ "ಬೇಡ"ವನ್ನು ಬೇಡವೆಂದು ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಎಂಬುದು ನನ್ನ ಸಿದ್ಧಾಂತ. ಕಿರಾಣಿಯವನು ರಾತ್ರಿ ಅಂಗಡಿಗೆ ಬೀಗ ಹಾಕಿ ಮನೆಗೆ ಹೋಗುತ್ತಾನೆ. ನನ್ನ ಅಂಗಡಿ ಬಾಯಲ್ಲಿಯೇ ಇದ್ದುದರಿಂದ ಬೀಗ ಹಾಕುವ ರೂಢಿ ಬೆಳೆಯಲಿಲ್ಲ.

ಇಂಥವನಿಗೆ ಕಟ್ಟಿದ್ದು ಸಿರುಗುಪ್ಪದ ಗಿರಿಜಾಳನ್ನು. ಅವಳು ಮಾತಾಡುವುದೇ ನಿಧಾನ. ಒಂದು ಮಾತು ಹೇಳಿ, ಸ್ವಲ್ಪ ತಡೆದು, ಆಮೇಲೆ ಇನ್ನೊಂದು ಮಾತು. ಆ ನಡುವಿನ ಜಾಗ ಖಾಲಿ ಸೈಟೆಂದು ತಿಳಿದು ನಾನು ಅಲ್ಲಿ ಮನೆ ಕಟ್ಟಿಬಿಡುತ್ತಿದ್ದೆ. ಒಮ್ಮೆ ಅವಳಿಗೆ ಹೊಟ್ಟೆನೋವೆಂದು ಡಾಕ್ಟರ ಹತ್ತಿರ ಹೋದೆವು. "ಎಲ್ಲಮ್ಮಾ ನೋವು?" ಎಂದು ಅವರು ಅವಳನ್ನು ಕೇಳಿದರು. "ಬಲಗಡೆ" ಎಂದೆ ನಾನು. ಎಷ್ಟು ದಿನದಿಂದ, ಊಟಕ್ಕೆ ಮೊದಲೋ ಆಮೇಲೋ, ಎಲ್ಲವನ್ನೂ ಚೊಕ್ಕವಾಗಿ ವಿವರಿಸಿದೆ. ಡಾಕ್ಟರು ಮೆಚ್ಚಿ ಬಲಗಡೆಯ ನೋವಿಗೆ ಔಷಧ ಬರೆದುಕೊಟ್ಟರು. ನೋವಿದ್ದದ್ದು ಎಡಗಡೆ ಎಂದು ಜಟಕಾದಲ್ಲಿ ಕೂತ ಮೇಲೆ ಗಿರಿಜಾ ಹೇಳಿದಳು. "ಅಲ್ಲೇ ಹೇಳಬಾರದಿತ್ತೇನು?" ಎಂದು ನಾನು ಸಿಡುಕಿದೆ. ಅವಳು ಕುದುರೆಯ ಬೆನ್ನು ನೋಡುತ್ತ ಕೂತಳು.

ಇದೆಲ್ಲ ಹೇಗೋ ನಡೆದುಹೋಗುತ್ತಿತ್ತು. ಒಂದು ದಿನ ನಮ್ಮ ಓಣಿಯ ಮಹಿಳಾ ಸಮಾಜದ ಅಧ್ಯಕ್ಷೆ ಮನೆಗೆ ಬಂದರು. ಸಮಾಜದಲ್ಲಿ ಹೊಲಿಗೆ ಕ್ಲಾಸು ತೆರೆಯುತ್ತಿದ್ದಾರೆ, ಗಿರಿಜಾಳ ಹೊಲಿಗೆಯನ್ನು ನೋಡಿದ್ದಾರೆ, ಅವಳೇ ಕಲಿಸಲು ಬರಬೇಕು. "ಏನಂತೀಯಮ್ಮಾ ಗಿರಿಜಾ?" ಎಂದು ಕೇಳಿದರು. ಗಿರಿಜಾ ಕಾಫಿಯ ತಟ್ಟೆ ಹಿಡಿದು ನಿಂತಿದ್ದಳು. ಅವಳ ಮುಖ ಅರಳಿತ್ತೆಂದು ಈಗ ನೆನಪಾಗುತ್ತದೆ. ಅವಳು ಎಂದಿನಂತೆ ಸ್ವಲ್ಪ ತಡೆದಳು. ಅಷ್ಟು ಸಾಕಾಯಿತು ನನಗೆ. "ಆಕಿಗೆ ಅದೆಲ್ಲಾ ಮನಸಿಲ್ಲ ಬಿಡ್ರಿ ಅಮ್ಮಾ. ಮನಿ ಬಿಟ್ಟು ಹೋಗೋದಂದ್ರ ಆಕಿಗೆ ಆಗಂಗೇ ಇಲ್ಲ" ಎಂದೆ. ತನಗೆ ಮನಸ್ಸಿಲ್ಲ ಎಂಬ ಸುದ್ದಿ ಅಧ್ಯಕ್ಷೆಯ ಜೊತೆಯಲ್ಲೇ ಗಿರಿಜಾಳಿಗೂ ತಿಳಿಯಿತು. ಮಾರನೆಯ ಬೆಳಿಗ್ಗೆ ಟ್ರಂಕಿನ ಸಮೇತ ಅವಳು ಸಿರುಗುಪ್ಪದ ಬಸ್ಸು ಹತ್ತಿದಳು. ಹೋಗುವಾಗ ಬಾಗಿಲಲ್ಲಿ ನಿಂತು, "ನಾ ಯಾಕ ಹೊಂಟೀನಿ ಅಂತ ಯಾರರ ಕೇಳಿದ್ರ ನೀವ ಹೇಳ್ರಿ. ನಿಮಗ ಎಲ್ಲಾ ಗೊತ್ತಿರತೈತಲ್ಲ" ಎಂದಳು.

ಎಂಟು ದಿನದಲ್ಲಿ ಬರುತ್ತಾಳೆ ಎಂದು ನಾನು ಎಲ್ಲರಿಗೂ ಗ್ಯಾರಂಟಿ ಕೊಟ್ಟೆ. ಬೇಸಿಗೆ ಬಂತು, ಅವಳು ಬರಲಿಲ್ಲ. ಹೋಟೆಲಿನ ಸಾರು ಕುಡಿದು ನನ್ನ ಹೊಟ್ಟೆಯಲ್ಲಿ ಎರಡೂ ಕಡೆ ನೋವು ಕಾಣಿಸಿಕೊಂಡಿತು. ಕೊನೆಗೆ ನಾನೇ ಸಿರುಗುಪ್ಪಕ್ಕೆ ಹೋದೆ. ಅವಳು ಹೊರಗೆ ಬರಲಿಲ್ಲ. ಅವಳ ಅಣ್ಣ ಗದ್ದೆಯಿಂದ ಬಂದು ಕಾಲು ತೊಳೆಯುತ್ತ, "ಮಾವಾರ, ಆಕಿ ಬರಂಗಿಲ್ಲ ಅಂತಾಳ. ಒಂದಿನ ಇಬ್ರೂ ಕುರುಗೋಡಿಗೆ ಹೋಗ್ರಿ, ನೀಲಮ್ಮನ ಮುಂದ ಕುಂದರ್ರಿ. ಅಲ್ಲೂ ಆಗಲಿಲ್ಲಂದ್ರ ಬಿಟ್ಟಬಿಡೂಣು. ಸಂಜಿಗೆ ಆಕಿ ನಮ್ಮ ಕಡೆ ಬಸ್ ಹತ್ತಿದ್ರ ಆಕಿನ್ನ ಮತ್ತ ಕೇಳಬ್ಯಾಡ್ರಿ" ಎಂದ. ಒಳ್ಳೆಯ ಮನುಷ್ಯ, ದನಿ ಏರಿಸಲಿಲ್ಲ. ಅದಕ್ಕೇ ನನಗೆ ನಿಜವಾದ ಹೆದರಿಕೆ ಹುಟ್ಟಿತು. ಗಿರಿಜಾ ಇಲ್ಲದ ನನ್ನ ಬಳ್ಳಾರಿಯ ಮನೆಯಲ್ಲಿ ನಾನು ಎಷ್ಟು ಮಾತಾಡಿದರೂ ಗೋಡೆ ಮಾತ್ರ ಕೇಳುತ್ತಿತ್ತು, ಅದು ನನಗೆ ಬೇಕಾಗಿರಲಿಲ್ಲ.

ನೀಲಮ್ಮತ್ತೆ ನನಗೆ ಸೋದರತ್ತೆಯಾದರೆ ಗಿರಿಜಾಳಿಗೆ ದೂರದ ದೊಡ್ಡಮ್ಮ. ಹಾಗಾಗಿ ಯಾರ ಪಕ್ಷವೂ ಅಲ್ಲ. ಮುರಿದ ಸಂಸಾರಗಳನ್ನು ಸುತ್ತಲಿನ ಹಳ್ಳಿಗಳವರು ಅವಳ ಮನೆಗೆ ಕಳಿಸುತ್ತಿದ್ದರು. ಅವಳು ಬುದ್ಧಿ ಹೇಳುತ್ತಿರಲಿಲ್ಲ, ಕೆಲಸ ಹೇಳುತ್ತಿದ್ದಳು. ಮಳೆಗಾಲದಲ್ಲಿ ಬಂದವರು ಒಂದೇ ಕೌದಿಗೆ ಎರಡು ಕಡೆಯಿಂದ ಹೊಲಿಗೆ ಹಾಕಬೇಕು. ಬೇಸಿಗೆಯವರಿಗೆ ಶಾವಿಗೆ. ಊರಿನಲ್ಲಿ ಎಲ್ಲರೂ ಅನ್ಯೋನ್ಯವಾಗಿದ್ದ ವರ್ಷ ಅತ್ತೆಯ ಮನೆಯಲ್ಲಿ ಶಾವಿಗೆ ಸಾಲದೆ ಬರುತ್ತಿತ್ತು ಎಂದು ಓಣಿಯವರು ಆಡಿಕೊಳ್ಳುತ್ತಿದ್ದರು.

ನಾನು ತಯಾರಾಗಿಯೇ ಹೋಗಿದ್ದೆ. ಬಸ್ಸಿನಲ್ಲಿ ಇಡೀ ಭಾಷಣವನ್ನು ಎರಡು ಸಲ ಒಪ್ಪಿಸಿಕೊಂಡಿದ್ದೆ, ಮೊದಲು ನನ್ನ ವಾದ, ಆಮೇಲೆ ಗಿರಿಜಾಳ ವಾದ, ಅದಕ್ಕೆ ನನ್ನ ಉತ್ತರ. ಗಿರಿಜಾ ಆಗಲೇ ಬಂದು ಪಡಸಾಲೆಯಲ್ಲಿ ಹಿಟ್ಟು ನಾದುತ್ತಿದ್ದಳು. "ಅತ್ತೀ, ಈ ವಿಷಯದಾಗ ಮೂಲ ಏನಂದ್ರ..." ಎಂದು ನಾನು ಸುರು ಮಾಡಿದೆ.

"ಮೂಲ ಆಮ್ಯಾಲ. ಅಂಗಿ ತೆಗಿ, ಹಿಡಿಕಿ ತಿರುವು" ಎಂದಳು ಅತ್ತೆ.

ಬೆಂಚಿಗೆ ಶಾವಿಗೆ ಒತ್ತುವ ಯಂತ್ರ ಬಿಗಿದಿತ್ತು. ಮೇಲೆ ಹಿಟ್ಟಿನ ಉಂಡೆ ತುಂಬಿ ಹಿಡಿಕೆ ತಿರುವಿದರೆ ಕೆಳಗಿನ ತೂತುಗಳಿಂದ ಎಳೆ ಇಳಿಯುತ್ತದೆ. ಇನ್ನೊಬ್ಬರು ಕೆಳಗೆ ಕೂತು ಎಳೆಗಳನ್ನು ಕೋಲಿನ ಮೇಲೆ ಹಿಡಿದು, ಕತ್ತರಿಸಿ, ಅಂಗಳದ ಹಗ್ಗಕ್ಕೆ ಹಾಕಬೇಕು. ತಿರುವುವವನಿಗೆ ಕೆಳಗೇನಾಗುತ್ತಿದೆ ಎಂದು ಕಾಣುವುದಿಲ್ಲ. ಅತ್ತೆಯ ಕಾನೂನು ಸರಳವಾಗಿತ್ತು. "ಗಿರಿಜವ್ವ ತಿರುವ್ರಿ ಅಂದ್ರ ತಿರುವು, ನಿಂದರ್ರಿ ಅಂದ್ರ ನಿಂದ್ರು. ಶಾವಿಗಿ ಬಿಟ್ಟು ಬ್ಯಾರೆ ಮಾತು ಆಡಿದ್ರ ಇಬ್ರಿಗೂ ಊಟ ಇಲ್ಲ."

ಬಳ್ಳಾರಿಯ ಬಿಸಿಲನ್ನು ನಾನು ವರ್ಣಿಸಲಾರೆ, ಉಂಡವರಿಗೆ ಗೊತ್ತು. ಮೊದಲ ಉಂಡೆಯಲ್ಲಿ ಗಿರಿಜಾ "ನಿಂ..." ಎನ್ನುವಷ್ಟರಲ್ಲಿ ಅವಳು "ನಿಂತ್ರ್ಯಾಕ?" ಎನ್ನುತ್ತಾಳೆಂದು ನಾನೇ ಊಹಿಸಿ ಜೋರಾಗಿ ತಿರುವಿದೆ. ಎಳೆಗಳೆಲ್ಲ ನೆಲದ ಮೇಲೆ ಮುದ್ದೆಯಾಗಿ ಬಿದ್ದವು. ಅತ್ತೆ ಅದನ್ನು ಎತ್ತಿ ಮತ್ತೆ ನಾದಲು ನನ್ನ ಕೈಗೇ ಕೊಟ್ಟಳು. ಎರಡನೆಯ ಉಂಡೆಯಲ್ಲಿಯೂ ಅದೇ ಕಥೆ. "ಲೇ ಈರಣ್ಣ, ಹಿಟ್ಟು ನಿನ್ನ ಗಿರಾಕಿ ಅಲ್ಲಪ್ಪಾ" ಎಂದಳು ಅತ್ತೆ. ಗಿರಿಜಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಳೋ ಬೆವರು ಒರೆಸಿಕೊಂಡಳೋ ಎಂದು ನನಗೆ ಮೇಲಿನಿಂದ ಕಾಣಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನನ್ನ ಹೆಗಲು ಬಿದ್ದುಹೋಗಿತ್ತು, ಭಾಷಣ ಮರೆತುಹೋಗಿತ್ತು. "ನಿಂದರ್ರಿ" ಎಂಬ ಮಾತಿಗಾಗಿ ನಾನು ಕಿವಿ ತೆರೆದು ಕಾಯುತ್ತಿದ್ದೆ. ಅವಳ ದನಿ ಅಷ್ಟು ಇಂಪಾಗಿದೆ ಎಂದು ನನಗೆ ಗೊತ್ತಿರಲಿಲ್ಲ. ಅವಳು ತಡೆದಳು ಎಂದರೆ ಎಳೆ ಎಣಿಸುತ್ತಿದ್ದಾಳೆ ಎಂದೂ ಅಂದೇ ತಿಳಿಯಿತು.

ಹೊತ್ತು ಇಳಿಯಿತು. ಹಗ್ಗದ ತುಂಬ ಶಾವಿಗೆ ಒಣಗಿತ್ತು. ಬಸ್ಸುಗಳ ಹೊತ್ತಾಯಿತೆಂದು ಅತ್ತೆ ನಮ್ಮಿಬ್ಬರನ್ನೂ ಕಟ್ಟೆಯ ಮೇಲೆ ಕೂರಿಸಿದಳು. ಆಗತಾನೆ ಕುದಿಸಿ ಬಸಿದ ಶಾವಿಗೆಗೆ ಬೆಲ್ಲ, ತುಪ್ಪ, ಕಾಯಿಸಿದ ಹಾಲು ಹಾಕಿ ಬಟ್ಟಲನ್ನು ನನ್ನ ಕೈಗಿಟ್ಟು, "ತಿನ್ನು, ಹಸಿದೀ" ಎಂದಳು. ನಾನು ಬಾಯಿ ತುಂಬ ಹಾಕಿಕೊಂಡೆ. ಆ ಕ್ಷಣಕ್ಕೇ ಅವಳು ಗಿರಿಜಾಳ ಕಡೆ ತಿರುಗಿ, "ಈಗ ಹೇಳವ್ವ, ಯಾವ ಬಸ್?" ಎಂದಳು.

"ನಾ ಸಿರುಗುಪ್ಪದ ಬಸ್ಸಿಗೇ ಹೋಗ್ತೀನಿ ದೊಡ್ಡವ್ವ" ಎಂದಳು ಗಿರಿಜಾ. ಹೇಳಿ, ತಡೆದಳು.

"ಹೋಗು ಹಂಗಾದ್ರ, ನನಗೇನು!" ಎಂಬ ಮಾತು ಗಂಟಲಿಗೆ ಬಂದಿತ್ತು. ಬಂದಿತ್ತು ಅಷ್ಟೇ, ಹೊರಬರಲು ದಾರಿ ಇರಲಿಲ್ಲ. ಬಾಯಲ್ಲಿ ಬೆಂಕಿಯಂಥ ಶಾವಿಗೆ, ಉಗುಳುವಂತಿಲ್ಲ, ನುಂಗುವಂತಿಲ್ಲ. ಕಣ್ಣಲ್ಲಿ ನೀರು ತುಂಬಿತು. ಗಿರಿಜಾ ನನ್ನ ಕಣ್ಣು ನೋಡಿದಳು.

"ಟ್ರಂಕ್ ಅಲ್ಲೇ ಐತಿ" ಎಂದಳು. ಮತ್ತೆ ತಡೆದಳು. "ಅಣ್ಣಗ ಹೇಳಿ, ತಗೊಂಡು, ನಾಡದು ಬಳ್ಳಾರಿಗೆ ಬರ್ತೀನಿ. ಹೊಲಿಗಿ ಕ್ಲಾಸಿಗೆ ಹೋಗ್ತೀನಿ. ಆ ಅಮ್ಮಾರ ಕೂಡ ನಾನ ಮಾತಾಡ್ತೀನಿ."

ನಾನು ನುಂಗಿ ಮುಗಿಸುವ ಹೊತ್ತಿಗೆ ಎಲ್ಲ ತೀರ್ಮಾನವಾಗಿತ್ತು. ನನಗೆ ಉಳಿದದ್ದು ತಲೆಯಾಡಿಸುವ ಕೆಲಸ. ಅದನ್ನು ಚೆನ್ನಾಗಿಯೇ ಮಾಡಿದೆ.

ಇದಾಗಿ ವರ್ಷಗಳೇ ಆದವು. ಗಿರಿಜಾಳ ಕ್ಲಾಸಿನಲ್ಲಿ ಕಲಿತ ಹುಡುಗಿಯರು ಈಗ ಊರ ತುಂಬ ಹೊಲಿಯುತ್ತಾರೆ. ಆ ಸಂಜೆ ಅವಳ ಮಾತು ಮುಗಿಯುವವರೆಗೂ ಸಂಯಮದಿಂದ ಕಾದು ಸಂಸಾರ ಉಳಿಸಿಕೊಂಡವನು ನಾನು ಎಂಬ ಹೆಮ್ಮೆ ನನಗೆ ಇದ್ದೇ ಇತ್ತು. ಬಿಸಿ ಶಾವಿಗೆಯ ಸಂಗತಿಯನ್ನು ಯಾರಿಗೂ ಹೇಳಿರಲಿಲ್ಲ. ಮೊನ್ನೆ ಪಕ್ಕದ ಮನೆಯ ಹೊಸ ಜೋಡಿ ಮುಖ ಊದಿಸಿಕೊಂಡು ಬಂದಾಗ ಅದೇ ಸಂಯಮದ ಬಗ್ಗೆ ಉಪನ್ಯಾಸ ಕೊಟ್ಟೆ. ಮೂಲೆಯಲ್ಲಿ ಹೊಲಿಯುತ್ತಿದ್ದ ಗಿರಿಜಾ ಮಷೀನು ನಿಲ್ಲಿಸಿದಳು.

"ಅವತ್ತು ಇವರು ಕೈ ತೊಳಕೊಳ್ಳಾಕ ಹಿತ್ತಲಕ್ಕ ಹೋಗಿದ್ರು. ಆಗ ನಾನ ದೊಡ್ಡವ್ವಗ ಹೇಳಿದ್ದೆ" ಎಂದಳು ಆ ಹುಡುಗಿಗೆ. "ನಾ ಬಾಯಿ ತೆಗಿಯೂ ಮುಂದ ಇವರ ಬಾಯಾಗ ಬಿಸಿ ಶಾವಿಗಿ ಇರಬೇಕು, ಇಲ್ಲಂದ್ರ ನನ್ನ ಅರ್ಧಾ ಮಾತು ಕೇಳಿ ಎದ್ದು ಹೋಗಿಬಿಡ್ತಾರ, ನಾ ಬಳ್ಳಾರಿ ಮನಿಗೆ ಹೋಗೋದು ಹೆಂಗ ಅಂತ."

ಇದಕ್ಕೆ ತಕ್ಕ ಉತ್ತರ ನನ್ನಲ್ಲಿ ಸಿದ್ಧವಾಗಿತ್ತು. ಹೇಳಲು ಬಾಯಿ ತೆರೆದೆ. ಅವಳ ಮಾತು ಇನ್ನೂ ಮುಗಿದಿರಲಿಲ್ಲ.