ಹೊಸ ಭಾಷೆಗೊಬ್ಬರು ಬೇಕಾಗಿದ್ದಾರೆ

ಬಸವಲಿಂಗಪ್ಪನವರು ಸೋಮವಾರ ವಾಕಿಂಗಿಗೆ ಹೋಗದೇ ಇದ್ದಿದ್ದರೆ ದುಂಡೇಶನ ಶುಕ್ರವಾರ ನೆಟ್ಟಗಿರುತ್ತಿತ್ತು. ಪಾರ್ಕಿನಲ್ಲಿ ಯಾರೋ ನಿವೃತ್ತ ಎಂಜಿನಿಯರು, "ಪಿಎಚ್‌ಪಿ ಸತ್ತು ಎಷ್ಟೋ ವರ್ಷ ಆಯ್ತಲ್ರೀ, ನೀವಿನ್ನೂ ಅದ್ರಲ್ಲೇ ಇದೀರಾ?" ಎಂದುಬಿಟ್ಟರಂತೆ.

ಬಸವಲಿಂಗಪ್ಪನವರದು ಬಸವೇಶ್ವರನಗರದಲ್ಲೊಂದು ಪುಟ್ಟ ಸಾಫ್ಟ್‌ವೇರ್ ಕಂಪನಿ. ಹನ್ನೊಂದು ಕಲ್ಯಾಣ ಮಂಟಪಗಳ ಬುಕಿಂಗ್ ನಡೆಯುತ್ತಿದ್ದುದು ಅವರ ಪ್ರೋಗ್ರಾಮಿನಲ್ಲೇ. ಅದನ್ನು ಪಿಎಚ್‌ಪಿ ಎಂಬ ಹಳೆಯ ಕಂಪ್ಯೂಟರ್ ಭಾಷೆಯಲ್ಲಿ ಬರೆದು, ಹನ್ನೆರಡು ವರ್ಷ ಹಸುಗೂಸಿನಂತೆ ಸಾಕಿದವನು ದುಂಡೇಶ.

"ಹೊಸ ಭಾಷೆ ಬರೋರು ಒಬ್ರನ್ನ ಸೇರಿಸ್ಕೊಳ್ಳಪ್ಪ. ಶುಕ್ರವಾರ ಸಂಜೆಗೆ ಹೆಸರು ಹೇಳು," ಎಂದು ಯಜಮಾನರು ದಾವಣಗೆರೆಗೆ ಹೊರಟುಹೋದರು.

ಜಾಹೀರಾತು ಹಾಕಿದ್ದು ಆಫೀಸಿನ ಸಕಲವನ್ನೂ ನೋಡಿಕೊಳ್ಳುವ ವರಲಕ್ಷ್ಮಿ. ಯಾವ ಭಾಷೆ ಎಂದು ಆಕೆಗೂ ಗೊತ್ತಿರಲಿಲ್ಲ. 'ಯಾವುದಾದರೂ ಹೊಸದು' ಎಂದು ಬರೆದಳು. ಶುಕ್ರವಾರ ಬೆಳಿಗ್ಗೆ ಮೂವರು ಬಂದರು.

ದುಂಡೇಶನಿಗೆ ಭಯಕ್ಕಿಂತ ಕುತೂಹಲವೇ ಹೆಚ್ಚಾಗಿತ್ತು. ಪಕ್ಕದ ಮನೆಯ ಅಡುಗೆಯ ವಾಸನೆ ಹಿಡಿದವನಂತೆ, ಇವರೆಲ್ಲ ಏನು ಬೇಯಿಸುತ್ತಾರೆ ನೋಡೋಣ ಎಂದು ಮೂವರಿಗೂ ಒಂದೇ ಪ್ರಶ್ನೆ ಇಟ್ಟುಕೊಂಡ. ಒಂದೇ ಮಂಟಪ ಒಂದೇ ದಿನ ಇಬ್ಬರಿಗೆ ಬುಕ್ ಆಗದಂತೆ ಹೇಗೆ ತಡೆಯುತ್ತೀರಿ?

ಮೊದಲು ಬಂದ ಅನಿಕೇತ್ ಜಾವಾದವನು. ಟೈ ಕಟ್ಟಿದ್ದ. ಬೋರ್ಡಿನ ತುಂಬ ಚೌಕ ಬರೆದು, ಬಾಣ ಎಳೆದು, ಜಾಗ ಸಾಲದೆ ಗೋಡೆಯ ಕಡೆ ನೋಡಿದ. "ದೊಡ್ಡ ಕಂಪನೀಲೆಲ್ಲಾ ಹೀಗೇ ಸಾರ್. ಸಾವಿರ ಮಂಟಪ ಆದ್ರೂ ಅಲ್ಲಾಡಲ್ಲ. ನಾಲ್ಕು ಜನ, ಎರಡು ತಿಂಗಳು ಕೊಡಿ."

"ಇರೋದು ಹನ್ನೊಂದೇ ಮಂಟಪ ಅಲ್ವಾ?" ಎಂದಳು ಕಾಫಿ ತಂದ ವರಲಕ್ಷ್ಮಿ.

ಎರಡನೆಯವನು ಶಶಿಕುಮಾರ್, ಪೈಥಾನಿನವನು. ಚಪ್ಪಲಿ ಕಳಚಿ ಆರಾಮಾಗಿ ಕೂತು ಹತ್ತೇ ಸಾಲು ಬರೆದ. "ಮುಗೀತು ಗುರು. ಈಗ ಯಾವ ಜಾಹೀರಾತು ತೆಗೆದ್ರೂ ಪೈಥಾನ್ ಕೇಳ್ತಾರೆ. ಯಾಕೆ ಹೇಳಿ? ಓದಿದ್ರೆ ಎಲ್ರಿಗೂ ಅರ್ಥ ಆಗುತ್ತೆ."

ನಿಜಕ್ಕೂ ಅರ್ಥವಾಯಿತು. ದುಂಡೇಶ ತಲೆದೂಗಿದ. "ಒಂದೇ ಕ್ಷಣಕ್ಕೆ ಇಬ್ರು ಬಟನ್ ಒತ್ತಿದ್ರೆ?"

"ಅಯ್ಯೋ, ಹಂಗೆ ಯಾರು ಒತ್ತುತಾರೆ?"

ಅಷ್ಟರಲ್ಲಿ ಫೋನ್ ಬಂತು. ಆರ್‌ಪಿಸಿ ಲೇಔಟಿನ ಮಂಟಪದ ಮ್ಯಾನೇಜರ್ ಬೈರಯ್ಯ.

"ದುಂಡೇಶಪ್ಪ, ಇಲ್ಲಿ ಒಂದು ನಿಶ್ಚಿತಾರ್ಥದವ್ರು, ಒಂದು ನಾಮಕರಣದವ್ರು, ಇಬ್ರೂ ಬಂದವ್ರೆ! ಇಬ್ರತ್ರಾನೂ ನಿನ್ನ ರಸೀದಿ ಐತೆ. ಒಂದೇ ಒಲೆಗೆ ಇಬ್ರು ಅಡುಗೆಭಟ್ರು ಪಾತ್ರೆ ಇಟ್ಟವ್ರೆ!"

ದುಂಡೇಶನ ಮುಖ ಹಬೆ ಬಿಟ್ಟ ಇಡ್ಲಿಯಂತೆ ಬೆಳ್ಳಗಾಯಿತು. ಖಾಲಿ ಮಂಟಪಗಳ ಪಟ್ಟಿ ತೆರೆಯಲು ಹೋದರೆ ಅದೂ ಕೈಕೊಟ್ಟಿತು. ಒಂದೇ ತಾರೀಕಿಗೆ ಎರಡು ಹೆಸರು ಕಂಡು ಪ್ರೋಗ್ರಾಮು ಉಸಿರೇ ಬಿಡಲಿಲ್ಲ. ಅನಿಕೇತ್ ಇದರ ಬಗ್ಗೆ ಮೊದಲು ಒಂದು ಮೀಟಿಂಗ್ ಮಾಡಬೇಕೆಂದ. ಶಶಿಕುಮಾರ್ ಪರದೆ ನೋಡಿದವನೇ, "ಇದ್ನೆಲ್ಲಾ ಬಿಸಾಕಿ ಹೊಸದಾಗಿ ಬರೀಬೇಕು ಗುರು," ಎಂದ.

"ಇವತ್ತೇ ಮಗು ಹೆಸರಿಡ್ಬೇಕಂತೆ ಕಣ್ರೀ!" ಎಂದು ವರಲಕ್ಷ್ಮಿ ಗದರಿದಳು.

ಹೊರಗೆ ಕಾಯುತ್ತ ಎಲ್ಲವನ್ನೂ ಕೇಳಿಸಿಕೊಂಡಿದ್ದ ಮೂರನೆಯವಳು ಒಳಗೆ ಇಣುಕಿದಳು. ಹೆಸರು ಚೇತನಾ. ಅರ್ಜಿಯಲ್ಲಿ ಬರೆದಿದ್ದ ಭಾಷೆ ರಸ್ಟ್. "ರಸ್ಟಲ್ಲಿ ಒಬ್ರ ಕೈಲಿರೋದನ್ನ ಇನ್ನೊಬ್ರು ಮುಟ್ಟೋಕೇ ಸುಲಭಕ್ಕೆ ಬಿಡಲ್ಲ ಸಾರ್, ಬರೆಯುವಾಗ್ಲೇ ಬಯ್ಯುತ್ತೆ," ಎನ್ನುತ್ತಲೇ ಕೀಬೋರ್ಡ್ ಎಳೆದುಕೊಂಡಳು. "ಆದ್ರೆ ಇದಕ್ಕೆ ರಸ್ಟ್ ಯಾಕೆ? ಡೇಟಾಬೇಸಲ್ಲೇ ಬೀಗ ಹಾಕಿದ್ರೆ ಸಾಕು."

ಏಳು ನಿಮಿಷ. ಪಟ್ಟಿ ತೆರೆದುಕೊಂಡಿತು. ಮಲ್ಲತ್ತಹಳ್ಳಿಯ ಮಂಟಪ ಖಾಲಿ ಇತ್ತು. ನಿಶ್ಚಿತಾರ್ಥದವರು ಸಾರಿನ ಹಂಡೆಯ ಸಮೇತ ಟೆಂಪೋ ಹತ್ತಿದರು. ಮುಂದೆ ಎರಡೆರಡು ಬುಕಿಂಗ್ ಆಗದಂತೆ ಬೀಗವನ್ನೂ ಆಕೆ ಹಾಕಿಯೇಬಿಟ್ಟಳು.

"ನಿಮ್ಗೆ ಪಿಎಚ್‌ಪಿ ಬರುತ್ತಾ!" ದುಂಡೇಶ ಕಣ್ಣರಳಿಸಿದ.

"ನಾಲ್ಕು ವರ್ಷ ಅದ್ರಲ್ಲೇ ಕೆಲ್ಸ ಮಾಡಿದೀನಿ ಸಾರ್. ಅರ್ಜೀಲಿ ಅದನ್ನ ಹಾಕಿದ್ರೆ ಯಾರೂ ಕರೀತಿರ್ಲಿಲ್ಲ. ತೆಗೆದುಹಾಕಿ ರಸ್ಟ್ ಕಲ್ತೆ."

ಉಳಿದಿಬ್ಬರೂ ಕೈಕುಲುಕಿ ಹೊರಟರು. ಸಂಜೆ ದುಂಡೇಶ ಹಿಗ್ಗಿನಿಂದಲೇ ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿ ಯಜಮಾನರಿಗೆ ಫೋನ್ ಮಾಡಿ, ನಡೆದದ್ದನ್ನು ಒಂದೂ ಮುಚ್ಚಿಡದೆ ಹೇಳಿ, ಚೇತನಾಳ ಹೆಸರು ಸೂಚಿಸಿದ. ಹೊಸ ಭಾಷೆಯನ್ನು ಆಕೆ ನೋಡಿಕೊಂಡರೆ ತನ್ನ ಪಿಎಚ್‌ಪಿ ತನಗೇ ಉಳಿಯುತ್ತದಲ್ಲ!

"ಭೇಷ್!" ಎಂದರು ಬಸವಲಿಂಗಪ್ಪನವರು. "ನೀನು ಹನ್ನೆರಡು ವರ್ಷದಾಗ ಹಾಕದ ಬೀಗಾನ ಆ ಹುಡುಗಿ ಏಳು ನಿಮಿಷಕ್ಕೆ ಹಾಕ್ಯಾಳ. ಹಳೇ ಪ್ರೋಗ್ರಾಮು ಇನ್ನ ಆಕಿ ಕೈಯಾಗೇ ಇರ್ಲಿ."

"ಹಾಗಾದ್ರೆ... ಹೊಸ ಭಾಷೆ ಹುದ್ದೆ ಸಾರ್?"

"ಅದಿನ್ನೂ ಖಾಲಿ ಐತಲ್ಲಪ್ಪ. ನೀನೂ ಅರ್ಜಿ ಹಾಕು. ಬೇಡ ಅನ್ನಲ್ಲ."

ದುಂಡೇಶ ಫೋನ್ ಕೆಳಗಿಟ್ಟ. ವರಲಕ್ಷ್ಮಿ ನಗು ತಡೆಯಲು ತುಟಿ ಕಚ್ಚಿಕೊಂಡು ಕಿಟಕಿಯಾಚೆ ನೋಡಿದಳು. ಚೇತನಾಳಿಗೇ ಪಾಪ ಎನಿಸಿತು. ಯಜಮಾನರಿಂದ ಆಗಷ್ಟೇ ಬಂದ ಮೆಸೇಜು ಓದಿಕೊಂಡು, ಎದ್ದು ಹತ್ತಿರ ಬಂದಳು.

"ಸೋಮವಾರ ಹತ್ತಕ್ಕೆ ಬನ್ನಿ ಸಾರ್. ಇಂಟರ್‌ವ್ಯೂ ನಾನೇ ಮಾಡ್ಬೇಕಂತೆ. ಹೆದರ್ಕೋಬೇಡಿ, ಬೇಸಿಕ್ಸ್ ಅಷ್ಟೇ ಕೇಳ್ತೀನಿ."